ಮಾಗಡಿ ಕೆರೆಯಲ್ಲಿ ಚಳಿಗಾಲದ ಪಕ್ಷಿ ವೀಕ್ಷಣೆ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯು ನೀರಾವರಿಗಾಗಿ ಮಳೆನೀರನ್ನು ಸಂಗ್ರಹಿಸಲು ನಿರ್ಮಿಸಿದ ಕೆರೆಯಾಗಿದ್ದು, ಸುಮಾರು 50 ಹೆಕ್ಟೇರ್ ವಿಸ್ತೀರ್ಣ ಹೊಂದಿದೆ. 2024ರಲ್ಲಿ ಇದನ್ನು ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು.

ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳೇ ಇವುಗಳ ಗುರುತು. ಇವು ಹೆಚ್ಚಾಗಿ ರಾತ್ರಿಯ ವೇಳೆ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ (ರೈತರ ಬೆಳೆಗೆ ಇದರಿಂದ ಹಾನಿಯೂ ಉಂಟು). ಹಗಲಿನಲ್ಲಿ ಕೆರೆಯಲ್ಲಿ ವಿಶ್ರಮಿಸುತ್ತವೆ. ವೀಕ್ಷಕರು ನೀರಿನಂಚಿಗೆ ಇಳಿದಲ್ಲಿ ಇಡೀ ಹಿಂಡು ಮೇಲೇಳುವುದರಿಂದ, ಮರುಪ್ರಯಾಣಕ್ಕೆ ಬೇಕಾದ ಶಕ್ತಿ ವ್ಯರ್ಥವಾಗುತ್ತದೆ.

ಆದ್ದರಿಂದ ಮರೆಯಲ್ಲಿ ಕುಳಿತು ದುರ್ಬೀನಿನಿಂದ ನೋಡುವುದೇ ಉಚಿತ. ಹೆಬ್ಬಾತುಗಳು ಹೊಲಗಳಿಂದ ಮರಳುವ ಮೊದಲೇ ಮರೆಯನ್ನು ಸೇರಿ ಮೌನವಾಗಿರತಕ್ಕದ್ದು. ಕೊರಳಪಟ್ಟಿ ಅಥವಾ ಕಾಲುಂಗುರವಿರುವ ಹಕ್ಕಿ ಕಂಡುಬಂದಲ್ಲಿ ಅದರ ಬಣ್ಣ ಹಾಗೂ ಅಕ್ಷರಗಳನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸುವುದು.