ಬಿಗ್ ಟೆನ್ ಒಕ್ಕೂಟ: ಫುಟ್‌ಬಾಲ್ ತಂಡಗಳ ಸ್ಥಾನನಿರ್ಣಯ

ಬಿಗ್ ಟೆನ್ 1896ರಲ್ಲಿ ಹುಟ್ಟಿದ ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಅಮೆರಿಕನ್ ಆಟ. ಹೆಸರಿನಲ್ಲಿ ಹತ್ತು ಎಂದಿದ್ದರೂ ತಂಡಗಳು 18. ಪೆಸಿಫಿಕ್ ಕರಾವಳಿಯ ಆರೆಗನ್, ವಾಷಿಂಗ್ಟನ್, ಯುಎಸ್‌ಸಿ, ಯುಸಿಎಲ್‌ಎ ಸೇರಿದ್ದು 2024ರಲ್ಲಿ. ಪೂರ್ವ, ಪಶ್ಚಿಮ ಎಂಬ ವಿಭಾಗಗಳು ರದ್ದಾಗಿ ಒಂದೇ ಪಟ್ಟಿ ಬಂದದ್ದೂ ಆಗಲೇ. ಮೊದಲೆರಡು ತಂಡಗಳು ಇಂಡಿಯಾನಾಪೊಲಿಸ್‌ನಲ್ಲಿ ಪ್ರಶಸ್ತಿಗಾಗಿ ಸೆಣಸುತ್ತವೆ.

ತೊಡಕಿರುವುದು ಲೆಕ್ಕದಲ್ಲಿ. ಪ್ರತಿ ತಂಡಕ್ಕೆ ಒಕ್ಕೂಟದೊಳಗೆ ಒಂಬತ್ತೇ ಪಂದ್ಯ. ಉಳಿದ ಎಂಟು ತಂಡಗಳ ಮುಖವನ್ನೂ ನೋಡದೆ ಋತು ಮುಗಿಯುತ್ತದೆ. 2024ರಲ್ಲಿ ಆರೆಗನ್ ಒಂಬತ್ತನ್ನೂ ಗೆದ್ದಿತು. ಪೆನ್ ಸ್ಟೇಟ್, ಇಂಡಿಯಾನಾ ಎರಡೂ ಎಂಟೆಂಟು ಗೆದ್ದು, ಓಹಾಯೋ ಸ್ಟೇಟ್ ಎದುರಷ್ಟೇ ಸೋತಿದ್ದವು. ಪರಸ್ಪರ ಆಡಿರಲೇ ಇಲ್ಲ. ಇಂಥಲ್ಲಿ ಎರಡೂ ತಂಡಗಳು ಎದುರಿಸಿದ ಎದುರಾಳಿಗಳ ವಿರುದ್ಧದ ಸಾಧನೆ, ಎದುರಾಳಿಗಳ ಒಟ್ಟು ಗೆಲುವಿನ ಪ್ರಮಾಣ ಮುಂತಾದ ನಿಯಮಗಳು ನೆರವಿಗೆ ಬರುತ್ತವೆ. ಫೈನಲ್‌ಗೆ ಹೋದದ್ದು ಪೆನ್ ಸ್ಟೇಟ್. ಆರೆಗನ್ 45–37ರಿಂದ ಗೆದ್ದಿತು.

ಆದರೆ ಪಟ್ಟಿಯನ್ನು ಪೂರ್ತಿ ನಂಬುವಂತಿಲ್ಲ. ಆ ಸಲ ನಾಲ್ಕನೆಯ ಸ್ಥಾನದಲ್ಲಿದ್ದ ಓಹಾಯೋ ಸ್ಟೇಟ್, ರಾಷ್ಟ್ರೀಯ ಪ್ರಶಸ್ತಿಯ ಹಾದಿಯ ರೋಸ್ ಬೌಲ್ ಪಂದ್ಯದಲ್ಲಿ ಆರೆಗನ್ ತಂಡವನ್ನು 41–21ರಿಂದ ಮಣಿಸಿ, 2025ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು.