ಕಾಡಿನ ತಬ್ಬಲಿಗಳು

ಭಾಗವತದಲ್ಲಿ ಬರುವ ಭರತರಾಜನ ವೃತ್ತಾಂತವು ಶ್ರೋತೃಗಳಿಗೆ ಹೊಸದಲ್ಲ. ರಾಜ್ಯವನ್ನು ಮಕ್ಕಳಿಗೆ ಒಪ್ಪಿಸಿ ನದೀತೀರದ ಆಶ್ರಮವನ್ನು ಸೇರಿದ್ದ ಈ ರಾಜನು ಒಂದು ದಿನ ಹೊಳೆಯ ದಡದಲ್ಲಿ ಕುಳಿತಿರಲು, ತುಂಬುಗಬ್ಬದ ಜಿಂಕೆಯೊಂದು ನೀರು ಕುಡಿಯಲು ಬಂದಿತು. ಸಮೀಪದಲ್ಲಿಯೇ ಸಿಂಹವು ಗರ್ಜಿಸಿತು. ಜಿಂಕೆಯು ಬೆದರಿ ಹೊಳೆಯನ್ನು ದಾಟಲೆಂದು ನೆಗೆಯಿತು. ನೆಗೆದ ಭರಕ್ಕೆ ಮರಿಯು ಪ್ರವಾಹದಲ್ಲಿ ಬಿದ್ದಿತು. ತಾಯಿಯು ಗುಹೆಯೊಂದರಲ್ಲಿ ಪ್ರಾಣಬಿಟ್ಟಿತು. ಮರಿಯನ್ನು ಎತ್ತಿ ತಂದು ಸಾಕಿದ ರಾಜನು ಅದರ ಮೇಲಣ ಮಮತೆಯಿಂದ ಜಪತಪಗಳನ್ನು ಮರೆತನು. ಅಂತ್ಯಕಾಲದಲ್ಲಿಯೂ ಅದನ್ನೇ ನೆನೆದು, ಮರುಜನ್ಮದಲ್ಲಿ ತಾನೇ ಜಿಂಕೆಯಾಗಿ ಹುಟ್ಟಿದನು. ಹರಿಕಥೆ ಮಾಡುವವರು ಇಲ್ಲಿ ತಾಳವನ್ನು ನಿಲ್ಲಿಸಿ ವೈರಾಗ್ಯವನ್ನು ಉಪದೇಶಿಸುವುದುಂಟು. ನಮಗಾದರೋ ಬಾಲ್ಯದಿಂದಲೂ ಬೇರೊಂದು ಸಂದೇಹವಿದೆ. ರಾಜನ ಗತಿ ಹೀಗಾಯಿತು, ಸರಿ. ಮನುಷ್ಯನ ಮಡಿಲನ್ನಲ್ಲದೆ ಬೇರೇನನ್ನೂ ಅರಿಯದ ಆ ಮರಿಯ ಗತಿ ಮುಂದೆ ಏನಾಯಿತು?

ತಾಯಿಯನ್ನು ಕಳೆದುಕೊಂಡ ಕಾಡುಮರಿಗಳನ್ನು ಮನುಷ್ಯನು ಸಾಕಿದ ಚರಿತ್ರೆಯನ್ನು ನೋಡಿದರೆ, ಕರುಣೆಗೆ ಎಂದೂ ಬಡತನವಿದ್ದಂತೆ ಕಾಣುವುದಿಲ್ಲ. ಕಾಳಿದಾಸನ ಶಕುಂತಲೆಯು ದರ್ಭೆಯ ಮೊನೆ ತಾಗಿ ಬಾಯಿ ಗಾಯವಾದ ಜಿಂಕೆಯ ಮರಿಗೆ ಇಂಗುದಿಯ ಎಣ್ಣೆಯನ್ನು ಹಚ್ಚಿ, ಧಾನ್ಯವನ್ನು ತಿನ್ನಿಸಿ ಬೆಳೆಸಿದವಳು. ರಾಜಸ್ಥಾನದ ಬಿಷ್ಣೋಯಿ ಹೆಂಗಸರು ತಬ್ಬಲಿ ಜಿಂಕೆಮರಿಗಳಿಗೆ ತಮ್ಮ ಎದೆಹಾಲನ್ನೇ ಉಣಿಸಿರುವರು. ಕೊರತೆಯಿದ್ದುದು ತಿಳಿವಳಿಕೆಗೆ. ಅದರಲ್ಲಿಯೂ ಹಾಲಿನ ವಿಷಯದಲ್ಲಿ.

ಇದಕ್ಕೆ ನಮ್ಮ ಮನೆಯದೇ ಒಂದು ನಿದರ್ಶನವನ್ನು ಹೇಳಬಹುದು. ನಾವು ಚಿಕ್ಕವರಾಗಿದ್ದಾಗ, ಒಂದು ಚೈತ್ರಮಾಸದ ಗಾಳಿಗೆ ಹಿತ್ತಿಲ ಹೊಂಗೆಯ ಮರದಿಂದ ಅಳಿಲಿನ ಗೂಡು ಬಿದ್ದು, ಕಣ್ಣು ಬಿಡದ ಮರಿಯೊಂದು ನಮ್ಮ ಕೈಗೆ ಸಿಕ್ಕಿತು. ದೀಪಕ್ಕೆ ಹೊಸೆದಿಟ್ಟಿದ್ದ ಹತ್ತಿಯ ಬತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ, ಅದರ ಬಾಯಿಗೆ ಹಿಂಡಿದೆವು. ರಾತ್ರಿ ಎದ್ದೆದ್ದು ಹಿಂಡಿದೆವು. ಹೊಟ್ಟೆ ಉಬ್ಬಿ ಮೂರನೆಯ ದಿನ ಅದು ಸತ್ತಿತು. ಅಜ್ಜಿಯು, ಅದರ ಋಣ ಇಷ್ಟೇ ಇತ್ತು ಕಣೋ, ಎಂದರು. ಋಣವಲ್ಲ, ನಾವು ಹಿಂಡಿದ ಹಾಲೇ ಅದನ್ನು ಕೊಂದಿರಬೇಕೆಂದು ತಿಳಿಯಲು ನಮಗೆ ಬಹಳ ವರ್ಷಗಳು ಬೇಕಾದವು.

ಅಳಿಲಿನ ಮಾತು ಹಾಗಿರಲಿ. ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆಯಲ್ಲಿ ಬಾಳಿದ ಆನೆಯ ವಿಷಯದಲ್ಲಿಯೂ ಇದೇ ಅಜ್ಞಾನವಿದ್ದಿತು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಹಿಡಿಯಬಾರದ ಆನೆಗಳನ್ನು ಹೇಳುವಾಗ ಮೊಟ್ಟಮೊದಲು ಬರುವುದು ವಿಕ್ಕ, ಎಂದರೆ ಮೊಲೆಯುಣ್ಣುವ ಮರಿ. ಮುಂದೆ ಗರ್ಭಿಣಿಯೂ, ಹಾಲೂಡುವ ತಾಯಿಯೂ ಆ ಪಟ್ಟಿಯಲ್ಲಿ ಸೇರಿವೆ. ಇದನ್ನು ದಯೆಯೆಂದು ಓದುವವರುಂಟು. ಇಪ್ಪತ್ತು ವರ್ಷದ ಆನೆಯೇ ಹಿಡಿಯಲು ಯೋಗ್ಯವೆಂದ ಆ ಶಾಸ್ತ್ರಕಾರನಿಗೆ, ತಾಯಿಯಿಲ್ಲದೆ ಮರಿಯನ್ನು ಉಳಿಸುವುದು ಆಗದ ಕೆಲಸವೆಂಬ ಲೆಕ್ಕವೂ ಇದ್ದಿರಬೇಕೆಂದು ನಮ್ಮ ಊಹೆ.

ಆನೆಯ ಮರಿ ಹಾಲನ್ನು ಹೇಗೆ ಕುಡಿಯುತ್ತದೆ ಎಂಬುದರಲ್ಲಿಯೇ ಪಂಡಿತರಿಗೆ ವಿವಾದವಿದ್ದಿತೆಂದರೆ ಈಗ ನಗು ಬರುವುದು. ಬಾಯಿಂದ ಕುಡಿಯುವುದೇ ಹೊರತು ಸೊಂಡಿಲಿನಿಂದಲ್ಲವೆಂದು ಗ್ರೀಕರ ಅರಿಸ್ಟಾಟಲನು ಸರಿಯಾಗಿಯೇ ಬರೆದಿದ್ದನು. ಎರಡು ಸಾವಿರ ವರ್ಷಗಳ ತರುವಾಯ ಫ್ರಾನ್ಸಿನ ಬಫೋನ್ ಎಂಬ ಮಹಾವಿದ್ವಾಂಸನು ಸೊಂಡಿಲಿನಿಂದಲೇ ಎಂದು ವಾದಿಸಿದನು. ಕಡೆಗೆ ತ್ರಿಪುರದ ಕಾಡುಗಳಲ್ಲಿ ಆನೆ ಹಿಡಿಯುವ ಕೆಲಸವನ್ನು ಕಣ್ಣಾರೆ ಕಂಡಿದ್ದ ಜಾನ್ ಕಾರ್ಸ್ ಎಂಬಾತನು 1799ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತಾನು ನೋಡಿದುದನ್ನು ಬರೆದು ಈ ತಪ್ಪನ್ನು ತಿದ್ದಿದನು. ಯಾವ ಮಾವುತನನ್ನು ಕೇಳಿದ್ದರೂ ಹೇಳುತ್ತಿದ್ದ ಸಂಗತಿ ಇದು.

ನಮ್ಮ ಮೈಸೂರಿನಲ್ಲಿ ಸ್ಯಾಂಡರ್‌ಸನ್ ಎಂಬ ಅಧಿಕಾರಿಯು 1874ರಲ್ಲಿ ಚಾಮರಾಜನಗರದ ಸಮೀಪದಲ್ಲಿ ಖೆಡ್ಡಾವನ್ನು ನಡೆಸಿ ಯಶಸ್ಸನ್ನು ಪಡೆದನು. ಅನಂತರ ಕಾಕನಕೋಟೆಯ ಖೆಡ್ಡಾಗಳು ದೇಶದೇಶಗಳಲ್ಲಿ ಹೆಸರಾದವು. 1971ರಲ್ಲಿ ಕೊನೆಯದು ನಡೆಯಿತು. ಖೆಡ್ಡಾ ಎಂದರೆ ಒಂಟಿ ಆನೆಯನ್ನು ಹಿಡಿಯುವುದಲ್ಲ. ಹಿಂಡನ್ನೇ, ಅಜ್ಜಿ, ತಾಯಿ, ಮರಿಗಳ ಸಮೇತ, ಆವರಣದೊಳಕ್ಕೆ ನೂಕುವುದು. ಗಣ್ಯ ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದ ಆ ವೈಭವವನ್ನು ವರ್ಣಿಸಿದವರು ಬಹುಮಂದಿ. ಹಗ್ಗ, ಗದ್ದಲ, ನೂಕುನುಗ್ಗಲುಗಳ ನಡುವೆ ತಾಯಿಯ ಕಾಲಸಂದಿಯನ್ನು ಹುಡುಕುತ್ತಿದ್ದ ಮರಿಯ ಮಾತನ್ನು ಆಡಿದವರು ಕೆಲವರೇ.

ತಬ್ಬಲಿ ಆನೆಮರಿಯ ಹಾಲಿನ ಒಗಟು ಬಿಡಿಸಲ್ಪಟ್ಟುದು ಆನೆ ಪಳಗಿಸುವುದರಲ್ಲಿ ನಿಪುಣರಾದ ನಮ್ಮ ದೇಶದಲ್ಲಲ್ಲ. ಆನೆಯನ್ನು ಎಂದೂ ಪಳಗಿಸದ ಕೀನ್ಯಾ ದೇಶದಲ್ಲಿ. ಅಲ್ಲಿನ ಸಾವೋ ಎಂಬ ಅರಣ್ಯದಲ್ಲಿ ವಾರ್ಡನ್ ಆಗಿದ್ದ ಡೇವಿಡ್ ಶೆಲ್ಡ್ರಿಕ್ ಅವರ ಪತ್ನಿ ಡ್ಯಾಫ್ನಿ ಶೆಲ್ಡ್ರಿಕ್ ಎಂಬಾಕೆ, ದಂತಕ್ಕಾಗಿ ಕೊಲ್ಲಲ್ಪಟ್ಟ ಆನೆಗಳ ಮರಿಗಳನ್ನು ಸಾಕಲು ತೊಡಗಿದರು. ಒಂದೆರಡು ವರ್ಷ ತುಂಬಿದವು ಬದುಕುತ್ತಿದ್ದವು. ಹಾಲನ್ನೇ ನಂಬಿದ ಎಳೆಯ ಮರಿಗಳು ಒಂದಾದ ಮೇಲೊಂದು ಭೇದಿಯಾಗಿ ಸಾಯುತ್ತಿದ್ದವು. ಹಸುವಿನ ಹಾಲಿನ ಕೊಬ್ಬು ಅವಕ್ಕೆ ಅರಗುತ್ತಿರಲಿಲ್ಲ. ಮನುಷ್ಯಶಿಶುಗಳಿಗೆಂದು ಮಾಡಿದ ಹಾಲಿನ ಪುಡಿಗಳನ್ನು ಒಂದೊಂದಾಗಿ ಪ್ರಯೋಗಿಸುತ್ತಾ, ಬಹಳ ವರ್ಷಗಳ ಬಳಿಕ ಆಕೆಗೆ ದೊರೆತ ಉತ್ತರವು ನಮ್ಮ ಅಡಿಗೆಮನೆಗೆ ಅಪರಿಚಿತವಲ್ಲ: ತೆಂಗಿನೆಣ್ಣೆ. ಆನೆಯ ಹಾಲಿನಲ್ಲಿರುವ ಜಿಡ್ಡಿಗೆ ಹಸುವಿನ ಬೆಣ್ಣೆಗಿಂತ ತೆಂಗಿನೆಣ್ಣೆಯ ಜಿಡ್ಡೇ ಹೆಚ್ಚು ಹತ್ತಿರದ್ದು.

ಆದರೆ ಹಾಲು ಒಗ್ಗಿದಮಾತ್ರಕ್ಕೆ ಮರಿ ಉಳಿಯುವುದಿಲ್ಲವೆಂಬುದು ಆಕೆಗೆ ಬಹಳ ಕಠಿಣವಾಗಿ ತಿಳಿಯಿತು. 1970ರ ದಶಕದಲ್ಲಿ ಆಯಿಷಾ ಎಂಬ ಹಸುಗೂಸು ಮರಿಯನ್ನು ಆಕೆ ಹಗಲಿರುಳು ತಾವೊಬ್ಬರೇ ನಿಂತು ಸಾಕಿದರು. ಅದು ಚೆನ್ನಾಗಿ ಬೆಳೆಯುತ್ತಿದ್ದಿತು. ಮಗಳ ಮದುವೆಗೆಂದು ಆಕೆ ಕೆಲವು ದಿನ ಬೇರೆ ಊರಿಗೆ ಹೋಗಬೇಕಾಯಿತು. ಬೇರೆಯವರ ಕೈಯಿಂದ ಹಾಲನ್ನು ಮುಟ್ಟದೆ, ದುಃಖದಿಂದ ಕೃಶವಾಗಿ, ಆ ಮರಿ ಸತ್ತುಹೋಯಿತು. ಆಗ ಅದಕ್ಕೆ ಸುಮಾರು ಆರು ತಿಂಗಳು. ಭರತರಾಜನ ಕಥೆಯಲ್ಲಿ ಮಮತೆಯಿಂದ ಕೆಟ್ಟವನು ಸಾಕಿದವನು. ಇಲ್ಲಿ ಕೆಟ್ಟದ್ದು ಸಾಕಿಸಿಕೊಂಡ ಜೀವ. ಕಣ್ಣು ತೆರೆದ ಹೊಸದರಲ್ಲಿ ಎದುರಿಗೆ ಕಂಡವರನ್ನೇ ತಾಯಿಯೆಂದು ಹಿಂಬಾಲಿಸುವ ಹೆಬ್ಬಾತಿನ ಮರಿಗಳ ವಿಷಯವನ್ನು ಆಸ್ಟ್ರಿಯಾದ ಕಾನ್ರಾಡ್ ಲೊರೆಂಟ್ಸನು 1935ರಲ್ಲಿಯೇ ಬರೆದಿದ್ದನು. ಅದು ಪಕ್ಷಿಗಳ ಮಾತು. ಆನೆಯ ಮಮತೆಯ ಬಗೆಯೇ ಬೇರೆ. ಆದರೂ ಸಾಕುವವನು ತಾಯಿಯ ಸ್ಥಾನದಲ್ಲಿ ನಿಂತರೆ ಆಗುವ ಅಪಾಯ ಎರಡು ಕಡೆಯೂ ಒಂದೇ.

ಅಂದಿನಿಂದ ಅಲ್ಲಿ ಕ್ರಮವು ಬದಲಾಯಿತು. ಒಬ್ಬನೇ ಸಾಕುವುದಿಲ್ಲ. ಹಲವರು ಪಾಳಿಯ ಮೇಲೆ ನೋಡಿಕೊಳ್ಳುವರು. ಈ ರಾತ್ರಿ ಒಂದು ಮರಿಯ ಪಕ್ಕದಲ್ಲಿ ಮಲಗಿದವನು ನಾಳೆ ಇನ್ನೊಂದರ ಪಕ್ಕದಲ್ಲಿ ಮಲಗುವನು. ಸುಮಾರು ಮೂರು ಗಂಟೆಗೊಮ್ಮೆ ಹಾಲು. ಹಾಲುಣ್ಣುವಾಗ ತಾಯಿಯ ಮೈಗೆ ಸೊಂಡಿಲನ್ನು ಒರಗಿಸುವ ಅಭ್ಯಾಸವಿರುವುದರಿಂದ, ಕಂಬಳಿಯನ್ನು ತೂಗುಹಾಕಿ ಅದರ ಹಿಂದಿನಿಂದ ಸೀಸೆಯನ್ನು ಹಿಡಿಯುವರು. ತಾಯಿಯ ನೆರಳಿಲ್ಲದ ಕಾರಣ ಎಳೆಯ ಕಿವಿಗಳು ಬಿಸಿಲಿಗೆ ಸುಡದಂತೆ ಲೇಪವನ್ನು ಹಚ್ಚುವರು. ಬೆಳೆದ ಮರಿಗಳನ್ನು ಸಾವೋ ಕಾಡಿಗೆ ಒಯ್ಯುವರು. ಅಲ್ಲಿ ತಾನೂ ತಬ್ಬಲಿಯಾಗಿ ಬೆಳೆದಿದ್ದ ಎಲೀನರ್ ಎಂಬ ಹೆಣ್ಣಾನೆಯು ಎಷ್ಟೋ ಮರಿಗಳಿಗೆ ಸಾಕುತಾಯಿಯಾಯಿತು. ಹೀಗೆ ಉಳಿದವು ಮುನ್ನೂರಕ್ಕೆ ಮಿಗಿಲು. ಕಾಡು ಸೇರಿದ ಆನೆಗಳು ವರ್ಷಗಳ ಮೇಲೆ ತಮ್ಮ ಮರಿಗಳನ್ನು ಕರೆದುಕೊಂಡು ಹಳೆಯ ಸಾಕುದಾರರ ಬಳಿಗೆ ಬಂದುಹೋಗಿರುವುದೂ ಉಂಟು. ಡ್ಯಾಫ್ನಿಯವರು 2018ರಲ್ಲಿ ಕಾಲವಾದರು.

ನಮ್ಮ ನೆರೆಯ ಮುದುಮಲೆಯ ತೆಪ್ಪಕಾಡು ಶಿಬಿರದ ಸಂಗತಿ ಬೇರೆ ತೆರನಾದುದು. ಕರ್ಣಾಟಕದ ಗಡಿಗೆ ಹೊಂದಿದ ಹೊಸೂರು ಸೀಮೆಯ ಕಾಡಂಚಿನಲ್ಲಿ ತಾಯಾನೆಯೊಂದು ವಿದ್ಯುತ್ತು ತಗುಲಿ ಸತ್ತು, ಮೈಯೆಲ್ಲಾ ಗಾಯವಾಗಿದ್ದ ಅದರ ಮರಿಯು 2017ರಲ್ಲಿ ಅಲ್ಲಿಗೆ ಬಂದಿತು. ರಘು ಎಂದು ಹೆಸರಿಟ್ಟು ಅದನ್ನು ಸಾಕಿದವರು ಬೊಮ್ಮನ್ ಮತ್ತು ಬೆಳ್ಳಿ ಎಂಬ ದಂಪತಿಗಳು. ಇವರನ್ನು ಕುರಿತ ಚಲಚ್ಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದುದನ್ನು ಶ್ರೋತೃಗಳು ಬಲ್ಲರು. ಇಂಥ ಮರಿಯು ಬದುಕುವುದೇ ದೊಡ್ಡದು, ಒಪ್ಪೋಣ. ಆದರೆ ಅದು ಕಾಡಿಗೆ ಮರಳಲಿಲ್ಲ, ಶಿಬಿರದ ಆನೆಯಾಯಿತು. ಬೆಳೆದ ಮೇಲೆ ಬೇರೊಬ್ಬರ ವಶಕ್ಕೆ ಅದನ್ನು ಒಪ್ಪಿಸಿದಾಗ ಆ ದಂಪತಿಗಳು ಪಟ್ಟ ಸಂಕಟವನ್ನು ಚಿತ್ರದಲ್ಲಿ ಕಂಡವರಿಗೆ ಭರತರಾಜನ ನೆನಪು ಬಾರದಿರದು. ಅಸ್ಸಾಮಿನ ಕಾಜಿರಂಗದಲ್ಲಿ 2002ರಲ್ಲಿ ಸ್ಥಾಪಿತವಾದ ಕೇಂದ್ರವೊಂದು, ಬ್ರಹ್ಮಪುತ್ರೆಯ ನೆರೆಯಲ್ಲಿ ಸಿಕ್ಕಿದ ಖಡ್ಗಮೃಗದ ಮರಿಗಳನ್ನು ಸಾಕಿ, 2006ರಿಂದ ಮಾನಸ್ ಅರಣ್ಯಕ್ಕೆ ಸಾಗಿಸಿ, ಕಾಡಿಗೆ ಬಿಡುತ್ತಾ ಬಂದಿದೆ. ಆಗದ ಕೆಲಸವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿಯಿತು: ಕಣ್ಣಿಗೆ ಬಿದ್ದ ಮರಿಯು ನಿಜವಾಗಿಯೂ ತಬ್ಬಲಿಯೋ? ಜಿಂಕೆಯು ತನ್ನ ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ, ತಾನು ದೂರ ಮೇದು, ಹೊತ್ತಿಗೆ ಬಂದು ಹಾಲೂಡಿ ಹೋಗುವುದು. ಅಲುಗಾಡದೆ ಮಲಗಿದ ಮರಿಯನ್ನು ಕಂಡು, ಅಯ್ಯೋ ಪಾಪ ಎಂದು ಎತ್ತಿ ತಂದವರು ತಾಯಿಯಿದ್ದ ಮರಿಯನ್ನು ತಾವೇ ತಬ್ಬಲಿ ಮಾಡಿದರು. ಮನುಷ್ಯರ ಕೈ ಸೋಕಿದ ಗುಬ್ಬಚ್ಚಿಯ ಮರಿಯನ್ನು ತಾಯಿ ಸೇರಿಸದೆಂದು ಹಿರಿಯರು ಹೇಳುವುದುಂಟು, ಅದೂ ನಿಜವಲ್ಲ. ಗೂಡಿನಿಂದ ಬಿದ್ದ ಮರಿಯನ್ನು ಗೂಡಿನಲ್ಲಿಯೇ ಇಟ್ಟರೆ ಸಾಕು. ನಮ್ಮ ಅಳಿಲಿನ ಮರಿಯನ್ನೂ ಹೊಂಗೆಯ ಬುಡದಲ್ಲಿಯೇ ಒಂದು ಬುಟ್ಟಿಯಲ್ಲಿ ಬಿಟ್ಟು ದೂರ ಸರಿದು ಕಾದಿದ್ದರೆ, ತಾಯಿಯು ಬಂದು ಕಚ್ಚಿಕೊಂಡು ಹೋಗುತ್ತಿದ್ದಿತೋ ಏನೋ.

ಪುಣೆಯ ಸಮೀಪದ ಜುನ್ನರ್ ಸೀಮೆಯಲ್ಲಿಯೂ, ನಮ್ಮ ಮಂಡ್ಯದ ಕಡೆಯಲ್ಲಿಯೂ, ಕಬ್ಬಿನ ಕಟಾವಿನ ಕಾಲಕ್ಕೆ ಗದ್ದೆಯ ನಡುವೆ ಚಿರತೆಯ ಮರಿಗಳು ಸಿಕ್ಕುವುದುಂಟು. ಹಿಂದೆ ಅವನ್ನು ಮೃಗಾಲಯಕ್ಕೆ ಒಯ್ಯುತ್ತಿದ್ದರು. ಅವು ಬಾಳೆಲ್ಲ ಪಂಜರದಲ್ಲಿಯೇ ಕಳೆಯುತ್ತಿದ್ದವು. ಜುನ್ನರಿನವರು ಈಗ ಅನುಸರಿಸುವ ಪದ್ಧತಿ ಸುಲಭವಾದುದು. ವೈದ್ಯನು ಮರಿಗಳನ್ನು ಪರೀಕ್ಷಿಸುವನು. ಹಗಲು ಇಳಿಯುತ್ತಲೇ ಅವನ್ನು ಒಂದು ಪೆಟ್ಟಿಗೆಯಲ್ಲಿ ಇರಿಸಿ, ಸಿಕ್ಕಿದ ಜಾಗದಲ್ಲಿಯೇ ಬಿಟ್ಟು, ಕೂಲಿಯವರನ್ನೂ ನೋಡಲು ನೆರೆದವರನ್ನೂ ದೂರ ಕಳುಹಿಸುವರು. ಕತ್ತಲಾದ ಮೇಲೆ ತಾಯಿಯು ಬರುವುದು. ಪೆಟ್ಟಿಗೆಯನ್ನು ಮೂಸಿ ನೋಡಿ, ಉರುಳಿಸಿ, ಒಂದು ಮರಿಯನ್ನು ಕತ್ತಿನಲ್ಲಿ ಕಚ್ಚಿಕೊಂಡು ಹೋಗುವುದು. ಸ್ವಲ್ಪ ಹೊತ್ತಿನಲ್ಲಿ, ಎರಡನೆಯದಕ್ಕಾಗಿ, ಮತ್ತೆ ಬರುವುದು.