ಹಿಂದೆ ನಿಂತು ಕಾಯ್ದವರು



ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, ‘ಗೋಲು ಹೊಡೆದವರು ಯಾರು?’ ಗೋಲು ಆಗದಂತೆ ತಡೆದವರ ಹೆಸರು ಕೇಳುವವರು ಕಡಿಮೆ. ಹಾಗೆ ಹಿಂದೆ ನಿಂತು ಕಾಯುತ್ತಲೇ ಭಾರತದ ಪರ ನೂರು ಪಂದ್ಯ ಆಡಿದ ಮೊದಲ ಮಹಿಳೆ ಮಣಿಪುರದ ಆಶಾಲತಾ ದೇವಿ.

ಅವರ ವಿಷಯಕ್ಕೆ ಬರುವ ಮುಂಚೆ ಸ್ವಲ್ಪ ಹಳೆಯ ಚರಿತ್ರೆ ನೋಡೋಣ. 1920ರ ಕ್ರಿಸ್ಮಸ್ ಮರುದಿನ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಹೇಳಿ ತನ್ನ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಆ ನಿಷೇಧ ಹೆಚ್ಚುಕಡಿಮೆ ಐವತ್ತು ವರ್ಷ ನಡೆಯಿತು. ನಮ್ಮ ದೇಶದಲ್ಲಿ ಮಹಿಳಾ ಫುಟ್‌ಬಾಲ್‌ಗೆ ಒಂದು ಸಂಸ್ಥೆ ಹುಟ್ಟಿದ್ದು 1975ರಲ್ಲಿ. 1980ರಲ್ಲಿ ಕೋಯಿಕ್ಕೋಡಿನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ನಮ್ಮವರು ಎರಡನೇ ಸ್ಥಾನ ಪಡೆದರು. 1983ರಲ್ಲೂ ಅದೇ ಸ್ಥಾನ. ಆದರೂ ಮಹಿಳೆಯರಿಗೆ ರಾಷ್ಟ್ರೀಯ ಲೀಗ್ ಬಂದದ್ದು 2016-17ರಲ್ಲಿ ಮಾತ್ರ.

1993ರಲ್ಲಿ ಹುಟ್ಟಿದ ಆಶಾಲತಾ ಆಡುತ್ತ ಬೆಳೆದದ್ದು ಆ ಲೀಗ್ ಇಲ್ಲದ ಕಾಲದಲ್ಲಿ. ನಮ್ಮ ತೊಪ್ಪೂರು ಘಾಟಿ ಇಳಿದು ಸೇಲಂ ದಾಟಿ ಹೋಗುವ ಹೆದ್ದಾರಿ ಮುಂದೆ ಮದುರೈ ಮುಟ್ಟುತ್ತದಲ್ಲ, ಆ ಮದುರೈಯ ಸೇತು ಎಫ್‌ಸಿ ತಂಡ 2019ರಲ್ಲಿ ಲೀಗ್ ಗೆದ್ದಾಗ ಅದರ ರಕ್ಷಣೆಯಲ್ಲಿ ಅವರಿದ್ದರು. 2018-19ರ ಭಾರತದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೂ ಅವರಿಗೇ ಬಂತು. ಗೋಲು ಹೊಡೆಯುವವರನ್ನು ಬಿಟ್ಟು ತಡೆಯುವವರೊಬ್ಬರಿಗೆ ಆ ಗೌರವ ಸಿಕ್ಕಿತ್ತು.

2022 ಮಾತ್ರ ಕಠಿಣ ವರ್ಷ. ಜನವರಿಯಲ್ಲಿ ಏಷ್ಯಾ ಕಪ್ ನಮ್ಮ ದೇಶದಲ್ಲೇ ನಡೆಯಿತು, ನಾಯಕಿ ಆಶಾಲತಾ. ಇರಾನ್ ವಿರುದ್ಧದ ಮೊದಲ ಪಂದ್ಯ ಗೋಲಿಲ್ಲದೆ ಸಮವಾಯಿತು. ಅಷ್ಟರಲ್ಲಿ ತಂಡಕ್ಕೆ ಕೊರೋನಾ ತಗುಲಿ, ಎರಡನೇ ಪಂದ್ಯಕ್ಕೆ ಇಳಿಯಲು ಸಾಕಷ್ಟು ಆಟಗಾರ್ತಿಯರೇ ಉಳಿಯಲಿಲ್ಲ. ಭಾರತ ಹೊರಗೆ ಬಂತು. ಆಗಸ್ಟ್‌ನಲ್ಲಿ ಅವರಿದ್ದ ಗೋಕುಲಂ ಕೇರಳ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್ ತಲುಪಿತ್ತು. ಭಾರತದ ಫುಟ್‌ಬಾಲ್ ಆಡಳಿತದ ಜಗಳದಿಂದಾಗಿ ಫಿಫಾ ಇಡೀ ದೇಶವನ್ನು ಅಮಾನತು ಮಾಡಿತು. ತಂಡ ಆಡದೆಯೇ ಹಿಂತಿರುಗಿತು. ಎರಡು ಸಲವೂ ಅವರು ಮೈದಾನದಲ್ಲಿ ಸೋತಿರಲಿಲ್ಲ.

ಆದರೂ ಆಟ ಬಿಡಲಿಲ್ಲ. 2024ರ ಅಕ್ಟೋಬರ್ 17ರಂದು ಕಠ್ಮಂಡುವಿನಲ್ಲಿ ಪಾಕಿಸ್ತಾನದ ವಿರುದ್ಧ ನೂರನೇ ಪಂದ್ಯ ಆಡಿದರು. ಭಾರತ 5-2ರಿಂದ ಗೆದ್ದಿತು.

ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗೋಡೆ ಕಟ್ಟುವಾಗ ಅರ್ಧ ಜನ ಕಲ್ಲು ಹೊತ್ತರು, ಅರ್ಧ ಜನ ಈಟಿ ಹಿಡಿದು ಕಾವಲು ನಿಂತರು. ಕಾವಲಿನವರು ಒಂದು ಕಲ್ಲನ್ನೂ ಇಡಲಿಲ್ಲ. ಅವರಿಲ್ಲದೆ ಗೋಡೆಯೂ ಏಳುತ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಧರ್ಮಕೇಂದ್ರದಲ್ಲೂ ಹೀಗೆ ಹೆಸರಿಲ್ಲದೆ ಕಾಯುವವರು ಎಷ್ಟೋ ಮಂದಿ. ಅವರನ್ನು ಗುರುತಿಸೋಣ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ: ಮಗಳು ಚೆಂಡು ಹಿಡಿದು ಹೊರಟರೆ, ಸಾಕು ಎನ್ನಬೇಡಿ. ಮೈದಾನದ ಬಾಗಿಲು ಮುಚ್ಚಿದವರ ಚರಿತ್ರೆ ಆಗಲೇ ಉದ್ದವಿದೆ.